ಕ್ಷಯರೋಗ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ

ಕ್ಷಯ ಗಾಳಿಯಲ್ಲಿ ಹರಡುವ ಸೋಂಕು ರೋಗ. ಮೈಕೊಬ್ಯಾಕ್ಟೀರಿಯಂ ಟ್ಯುಬರ್‌ಕ್ಯುಲೋಸಿಸ್ ಎಂಬ ಕಡ್ಡಿಯಾಕಾರದ ಜೀವಾಣು ಇದಕ್ಕೆ ಕಾರಣ. ಹೆಚ್ಚಾಗಿ ಶ್ವಾಸಕೋಶಕ್ಕೆ ತಗಲುತ್ತದೆಯಾದರೂ ಉಗುರು, ಕೂದಲು ಬಿಟ್ಟರೆ ದೇಹದ ಯಾವ ಭಾಗಕ್ಕಾದರೂ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಕೊಲ್ಲುತ್ತದೆ; ಸಿಕ್ಕರೆ, ಪೂರ್ತಿ ಮಾಡಿದರೆ, ಗುಣವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ ಸುಮಾರು 1.08 ಕೋಟಿ ಜನ ಈ ರೋಗಕ್ಕೆ ತುತ್ತಾದರು, ಸುಮಾರು 12.5 ಲಕ್ಷ ಜನ ಸತ್ತರು. ರೋಗಿಗಳಲ್ಲಿ ಕಾಲು ಪಾಲಿಗಿಂತ ಹೆಚ್ಚು ಮಂದಿ ಭಾರತೀಯರು.

ಬೆಳಗಾವಿ ಜಿಲ್ಲೆಯ ಪೂರ್ವ ಮತ್ತು ಆಗ್ನೇಯ ಭಾಗದಲ್ಲಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳನ್ನು ಮಲಪ್ರಭೆ ಒಂದಕ್ಕೊಂದು ಬೆಸೆಯುತ್ತದೆ. ಬೈಲಹೊಂಗಲದ ಸುತ್ತ ಎರೆಭೂಮಿ, ಹತ್ತಿ, ಜೋಳ, ಕಬ್ಬು. ಹೆದ್ದಾರಿಯ ಪಕ್ಕದ ಕಿತ್ತೂರಿಗೆ ಬೆಳಗಾವಿ, ಧಾರವಾಡ ಎರಡೂ ಕೈಗೆಟಕುವ ದೂರ. ಸವದತ್ತಿಯಲ್ಲಿ ಯಲ್ಲಮ್ಮನ ಗುಡ್ಡ, ನವಿಲುತೀರ್ಥದ ಅಣೆಕಟ್ಟು. ರಾಮದುರ್ಗ 1948ರವರೆಗೆ ಸಂಸ್ಥಾನ, ನೇಕಾರರ ಊರು. ಜಿಲ್ಲಾ ಕೇಂದ್ರಕ್ಕೆ ಸುಮಾರು ನೂರು ಕಿಲೋಮೀಟರ್ ದೂರವಿರುವ ಅಲ್ಲಿನ ರೋಗಿ ಬೆಳಗಾವಿಗಿಂತ ಬಾಗಲಕೋಟೆ, ಹುಬ್ಬಳ್ಳಿಗಳ ಕಡೆ ಬಸ್ಸು ಹತ್ತುವುದುಂಟು. ಹಳ್ಳಿಯಿಂದ ತಪಾಸಣೆಯ ಮೇಜಿನವರೆಗಿನ ಈ ದೂರ ಕ್ಷಯದ ವಿಷಯದಲ್ಲಿ ಬರೀ ಭೂಗೋಳವಲ್ಲ. ರೋಗಿ ಯಾವಾಗ ಪತ್ತೆಯಾಗುತ್ತಾನೆ, ಅಷ್ಟರೊಳಗೆ ಮನೆಯ ಎಷ್ಟು ಮಂದಿಗೆ ಸೋಂಕು ತಗಲಿರುತ್ತದೆ ಎಂಬುದನ್ನು ನಿರ್ಧರಿಸುವುದು ಅದೇ.

ಸೋಂಕು ಮತ್ತು ರೋಗ

ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ, ಸೀನಿದಾಗ, ಗಟ್ಟಿಯಾಗಿ ಮಾತಾಡಿದಾಗ ಜೀವಾಣು ಹೊತ್ತ ಅತಿಸಣ್ಣ ಹನಿಗಳು ಹೊರಬೀಳುತ್ತವೆ. ಕಿಟಕಿಯಿಲ್ಲದ ಕೋಣೆಯಲ್ಲಿ ಅವು ತಾಸುಗಟ್ಟಲೆ ತೇಲಬಲ್ಲವು; ಬಿಸಿಲು, ಹರಿದಾಡುವ ಗಾಳಿ ಇದ್ದಲ್ಲಿ ಬೇಗ ನಾಶವಾಗುತ್ತವೆ, ಚದುರಿಹೋಗುತ್ತವೆ. ಆದ್ದರಿಂದ ಹೆಚ್ಚಿನ ಅಪಾಯ ಒಂದೇ ಸೂರಿನಡಿ ಮಲಗುವವರಿಗೆ. ತಾಟು, ಲೋಟ, ಬಟ್ಟೆ, ಕೈ ಮುಟ್ಟುವುದು ಇವುಗಳಿಂದ ಕ್ಷಯ ಬರುವುದಿಲ್ಲ. ರೋಗಿಯ ತಾಟನ್ನು ಬೇರೆ ಇಡುವ ಮನೆಗಳು ಇನ್ನೂ ಇವೆ. ಅದರಿಂದ ಯಾರಿಗೂ ರಕ್ಷಣೆ ಸಿಗುವುದಿಲ್ಲ, ಒಬ್ಬ ಮನುಷ್ಯನ ಮನಸ್ಸು ಮಾತ್ರ ಮುರಿಯುತ್ತದೆ.

ಜೀವಾಣು ಒಳಹೊಕ್ಕ ಎಲ್ಲರಿಗೂ ರೋಗ ಬರುವುದಿಲ್ಲ. ಜಗತ್ತಿನ ಕಾಲುಭಾಗದಷ್ಟು ಜನರಲ್ಲಿ ಈ ಸೋಂಕು ಇದೆಯೆಂದು ಅಂದಾಜು. ಅವರಲ್ಲಿ ಜೀವಮಾನದಲ್ಲಿ ರೋಗ ಬರುವುದು ನೂರಕ್ಕೆ ಐದರಿಂದ ಹತ್ತು ಮಂದಿಗೆ. ಉಳಿದವರಲ್ಲಿ ದೇಹದ ರಕ್ಷಣಾಶಕ್ತಿ ಜೀವಾಣುವನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಆ ಹಿಡಿತ ಸಡಿಲವಾದಾಗ ರೋಗ ಏಳುತ್ತದೆ. ಸಡಿಲಗೊಳಿಸುವ ಕಾರಣಗಳು ಈ ನಾಲ್ಕೂ ತಾಲ್ಲೂಕುಗಳಿಗೆ ಹೊಸವಲ್ಲ: ಅರೆಹೊಟ್ಟೆ, ಮಧುಮೇಹ, ಎಚ್‌ಐವಿ, ಬೀಡಿ–ಸಿಗರೇಟು, ಕುಡಿತ, ಒಲೆಯ ಹೊಗೆ, ಕಲ್ಲಿನ ಧೂಳು.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಹೊತ್ತಿಗೆ ಏರುವ ಸಣ್ಣ ಜ್ವರ, ರಾತ್ರಿ ಬೆವರು, ಹಸಿವಿಲ್ಲದಿರುವುದು, ತೂಕ ಇಳಿಯುವುದು, ಕಫದಲ್ಲಿ ರಕ್ತ ಇವು ಮುಖ್ಯ ಲಕ್ಷಣಗಳು. ‘ಧೂಳಿಗೆ ಕೆಮ್ಮು ಹತ್ತೇತಿ, ಹವಾ ಬದಲಾದ್ರ ಹೋಗ್ತೇತಿ’ ಎಂಬ ಸಮಾಧಾನದಲ್ಲಿ ಸುಗ್ಗಿ ಕಳೆಯುತ್ತದೆ. ಕೊರಳಲ್ಲಿ ನೋವಿಲ್ಲದ ಗಂಟು (ಗಂಡಮಾಲೆ), ಗೂನು ಬರುತ್ತಿರುವ ಬೆನ್ನು, ಎದೆಗೂಡಿನಲ್ಲಿ ನೀರು, ಮಕ್ಕಳಲ್ಲಿ ಮೆದುಳುಪೊರೆಯ ಉರಿಯೂತ, ಹೆಂಗಸರಲ್ಲಿ ಬಂಜೆತನ ಇವುಗಳ ಹಿಂದೆಯೂ ಕ್ಷಯ ಅಡಗಿರಬಹುದು. ಶ್ವಾಸಕೋಶ, ಗಂಟಲು ಬಿಟ್ಟು ಬೇರೆಡೆ ಮಾತ್ರ ಇರುವ ಕ್ಷಯ ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವುದಿಲ್ಲ.

ಆರೋಗ್ಯಧಾಮದಿಂದ ಮನೆಯಂಗಳಕ್ಕೆ

ಆಯುರ್ವೇದ ಗ್ರಂಥಗಳು ರಾಜಯಕ್ಷ್ಮವೆಂದು ಈ ರೋಗವನ್ನು ಬಹು ಹಿಂದೆಯೇ ವರ್ಣಿಸಿವೆ. ಜರ್ಮನಿಯ ರಾಬರ್ಟ್ ಕೋಕ್ 1882ರ ಮಾರ್ಚ್ 24ರಂದು ಜೀವಾಣುವಿನ ಪತ್ತೆಯನ್ನು ಪ್ರಕಟಿಸಿದ. ಆ ದಿನವೇ ಈಗ ವಿಶ್ವ ಕ್ಷಯರೋಗ ದಿನ. ಆದರೆ ಕಾರಣ ತಿಳಿದ ಮೇಲೂ ಅರವತ್ತು ವರ್ಷ ಔಷಧವಿರಲಿಲ್ಲ. ಒಳ್ಳೆಯ ಗಾಳಿ, ವಿಶ್ರಾಂತಿ, ಹಾಲು–ಮೊಟ್ಟೆ, ಇಷ್ಟೇ ಚಿಕಿತ್ಸೆ. ಮೈಸೂರಿನಲ್ಲಿ ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆರೋಗ್ಯಧಾಮ 1921ರಲ್ಲಿ ಆರಂಭವಾಯಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ ಸೀಮೆಗೆ ಹತ್ತಿರದಲ್ಲಿದ್ದದ್ದು ಮೀರಜಿನ ಬಳಿಯ ವಾನ್ಲೆಸ್‌ವಾಡಿಯ ಮಿಶನ್ ಆರೋಗ್ಯಧಾಮ. ಹೊಲ–ಮನೆ ಬಿಟ್ಟು ತಿಂಗಳುಗಟ್ಟಲೆ ಅಲ್ಲಿ ಮಲಗಿರುವುದು ದುಡಿದು ಉಣ್ಣುವವರಿಗೆ ಆಗುವ ಮಾತಾಗಿರಲಿಲ್ಲ.

1943ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೊನಿಯಾಜಿಡ್ ಬಂದು ಪರಿಸ್ಥಿತಿ ಬದಲಾಯಿತು. ಅದಕ್ಕಿಂತ ದೊಡ್ಡ ಬದಲಾವಣೆಗೆ ದಾರಿ ಮಾಡಿದ್ದು ಮದ್ರಾಸಿನ ಒಂದು ಅಧ್ಯಯನ. 1956ರಲ್ಲಿ ಅಲ್ಲಿ ಸ್ಥಾಪನೆಯಾದ ಕ್ಷಯ ಚಿಕಿತ್ಸಾ ಕೇಂದ್ರದ ವೈದ್ಯರು ಬಡ ರೋಗಿಗಳಲ್ಲಿ ಅರ್ಧ ಜನರಿಗೆ ಆರೋಗ್ಯಧಾಮದಲ್ಲಿ, ಇನ್ನರ್ಧಕ್ಕೆ ಮನೆಯಲ್ಲೇ ಔಷಧ ಕೊಟ್ಟು ಹೋಲಿಸಿದರು. 1959ರಲ್ಲಿ ಪ್ರಕಟವಾದ ಫಲಿತಾಂಶದಂತೆ ಇಕ್ಕಟ್ಟಿನ ಮನೆಯಲ್ಲಿದ್ದು ಮಾತ್ರೆ ನುಂಗಿದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಅವರ ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಲಿಲ್ಲ. ಇಂದು ಈ ಸೀಮೆಯ ಮುನವಳ್ಳಿಯ ರೋಗಿ ಮುನವಳ್ಳಿಯಲ್ಲೇ, ಸುರೇಬಾನದ ರೋಗಿ ಸುರೇಬಾನದಲ್ಲೇ ಇದ್ದು ಗುಣವಾಗುವುದಕ್ಕೆ ಬುನಾದಿ ಬಿದ್ದದ್ದು ಅಲ್ಲಿ.

ಇನ್ನೊಂದು ಬುನಾದಿ ಕರ್ನಾಟಕದ್ದೇ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪಿತವಾಗಿ 1960ರಲ್ಲಿ ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟನೆಯಾಯಿತು. ಕ್ಷಯ ಪಟ್ಟಣದ ರೋಗವೆಂಬ ನಂಬಿಕೆಯನ್ನು 1955–58ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಅದಕ್ಕೂ ಮುಂಚೆಯೇ ಅಲುಗಾಡಿಸಿತ್ತು. ಹಳ್ಳಿಯಲ್ಲೂ ರೋಗ ಹೆಚ್ಚುಕಡಿಮೆ ಅಷ್ಟೇ ಇತ್ತು. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದಬೇಕಾದದ್ದು. ಹಳ್ಳಿಗರಿಗೆ ತಿಳಿವಳಿಕೆಯಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂದು ಅಧಿಕಾರಿಗಳು ಭಾವಿಸಿದ್ದರು. ನಿಜ ಸಂಗತಿ ಬೇರೆಯಿತ್ತು. ಬಹುಪಾಲು ರೋಗಿಗಳಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂದು ಗೊತ್ತಿತ್ತು. ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಅವರಿಗೆ ಅಲ್ಲಿ ಸಿಕ್ಕಿದ್ದು ಕಫ ಪರೀಕ್ಷೆಯಲ್ಲ, ಕೆಮ್ಮಿನ ಔಷಧದ ಬಾಟಲಿ. ರೋಗಿಯನ್ನು ದೂರುವ ಮೊದಲು, ಬಂದ ರೋಗಿಯನ್ನು ಗುರುತಿಸಿ ಎಂದು ಆ ಅಧ್ಯಯನ ಹೇಳಿತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳಲ್ಲೇ ಪತ್ತೆ ಮತ್ತು ಚಿಕಿತ್ಸೆ ನಡೆಯಬೇಕೆಂಬ ದಾರಿ ಹಿಡಿದದ್ದು ಪ್ರಕಟಣೆಗೂ ಮುಂಚೆಯೇ ಸಿಕ್ಕಿದ್ದ ಈ ತಿಳಿವಿನಿಂದ.

ಆರು ದಶಕದ ನಂತರ, 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕ್ಷಯದ ಲಕ್ಷಣವಿದ್ದವರಲ್ಲಿ ಸುಮಾರು 64 ಶೇಕಡ ಜನ ಎಲ್ಲಿಗೂ ಚಿಕಿತ್ಸೆಗೆ ಹೋಗಿರಲಿಲ್ಲ. ಕಾರಣ ಕೇಳಿದಾಗ ಹೆಚ್ಚಿನವರು ಹೇಳಿದ್ದು ಹಣದ ಕೊರತೆಯನ್ನಲ್ಲ, ಲಕ್ಷಣವನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂದು. ಈ ಎರಡು ಅಧ್ಯಯನಗಳನ್ನು ನೇರವಾಗಿ ತೂಗಲು ಬಾರದು. ಒಂದು ರೋಗಿಗಳನ್ನು ಕುರಿತದ್ದು, ಇನ್ನೊಂದು ಲಕ್ಷಣವಿದ್ದ ಎಲ್ಲರನ್ನೂ. ಆದರೂ ಕೆಮ್ಮಿಗೆ ಬಾಟಲಿ ಕೊಡುವ ಪದ್ಧತಿ ಇನ್ನೂ ನಿಂತಿಲ್ಲ. ಈಗ ಅದನ್ನು ಕೊಡುವುದು ಹೆಚ್ಚಾಗಿ ಸಂತೆಯ ಊರಿನ ಮೆಡಿಕಲ್ ಅಂಗಡಿ, ಪದವಿಯಿಲ್ಲದೆ ಸೂಜಿ ಚುಚ್ಚುವ ವೈದ್ಯ. ಎರಡು ಮೂರು ಸಲ ಅಲ್ಲಿ ದುಡ್ಡು ಕಳೆದ ಮೇಲೆ ರೋಗಿ ತಾಲ್ಲೂಕು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾನೆ. ಈ ಸೀಮೆಯಲ್ಲಿ ಗೆಲ್ಲಬೇಕಾದದ್ದು ಮೊದಲ ಕೆಮ್ಮಿಗೂ ಮೊದಲ ಕಫ ಪರೀಕ್ಷೆಗೂ ನಡುವಿನ ಈ ಕಾಲವನ್ನು.

ಪತ್ತೆ

ಕಫವನ್ನು ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಹಳೆಯ ಪದ್ಧತಿ. ಅಗ್ಗವಾದರೂ ಜೀವಾಣುಗಳು ಹೇರಳವಾಗಿದ್ದರೆ ಮಾತ್ರ ಕಾಣುತ್ತವೆ. ಸಿಬಿನ್ಯಾಟ್ ಮತ್ತು ಟ್ರೂನ್ಯಾಟ್ ಯಂತ್ರಗಳು ಜೀವಾಣುವಿನ ವಂಶವಾಹಿಯನ್ನೇ ಹುಡುಕುತ್ತವೆ. ರಿಫಾಂಪಿಸಿನ್ ಔಷಧಕ್ಕೆ ಅದು ಮಣಿಯುತ್ತದೆಯೇ ಎಂಬುದನ್ನೂ ಕೆಲವೇ ತಾಸಿನಲ್ಲಿ ತಿಳಿಸುತ್ತವೆ. ಟ್ರೂನ್ಯಾಟ್ ಭಾರತದಲ್ಲೇ, ಗೋವೆಯ ಕಂಪನಿಯೊಂದು ರೂಪಿಸಿದ್ದು. ಬ್ಯಾಟರಿಯಲ್ಲಿ ನಡೆಯುವುದರಿಂದ ಕರೆಂಟು ಕೈಕೊಡುವ ಊರಿಗೆ ಹೊಂದುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿತು. ರಕ್ತದಲ್ಲಿ ಪ್ರತಿಕಾಯ ನೋಡಿ ಕ್ಷಯವೆನ್ನುವ ಪರೀಕ್ಷೆಗಳನ್ನು ಭಾರತ ಸರ್ಕಾರ 2012ರಲ್ಲಿ ನಿಷೇಧಿಸಿದೆ. ಯಾರಾದರೂ ಮಾಡಿಸೆಂದರೆ ಒಪ್ಪಬಾರದು.

ಎದೆಯ ಎಕ್ಸ್-ರೇ ಮತ್ತೆ ಮುಂಚೂಣಿಗೆ ಬಂದಿದೆ. 2019–21ರ ಸಮೀಕ್ಷೆಯಲ್ಲಿ ಎಕ್ಸ್-ರೇ ತೆಗೆಯದಿದ್ದರೆ 42.6 ಶೇಕಡ ರೋಗಿಗಳು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅವರಲ್ಲಿ ಹೇಳಿಕೊಳ್ಳುವ ಲಕ್ಷಣಗಳಿರಲಿಲ್ಲ. 2024ರ ಡಿಸೆಂಬರ್ 7ರಂದು ಶುರುವಾದ ನೂರು ದಿನಗಳ ಅಭಿಯಾನ ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರಗಳನ್ನು ಜನರಿರುವಲ್ಲಿಗೆ ಒಯ್ಯುವುದಕ್ಕೆ ಒತ್ತು ಕೊಟ್ಟಿತು. ಕಬ್ಬು ಕಡಿಯುವ ಗ್ಯಾಂಗುಗಳ ಗುಡಿಸಲು, ಇಟ್ಟಿಗೆ ಭಟ್ಟಿ, ರಾಮದುರ್ಗದ ನೇಕಾರರ ಓಣಿ, ಮಧುಮೇಹಿಗಳ ಸಾಲು ಇಂಥ ಯಂತ್ರಕ್ಕೆ ತಕ್ಕ ಜಾಗಗಳು.

ಕಫ ಕೊಡುವುದಕ್ಕೂ ಒಂದು ಕ್ರಮವಿದೆ. ಉಗುಳು ಬೇಡ, ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದದ್ದು ಬೇಕು. ಬೆಳಗ್ಗೆ ಎದ್ದ ಕೂಡಲೇ ತೆಗೆದದ್ದು ಉತ್ತಮ.

ಚಿಕಿತ್ಸೆ

ಔಷಧಕ್ಕೆ ಮಣಿಯುವ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬುಟಾಲ್ ನಾಲ್ಕೂ ಸೇರಿದ ಮಾತ್ರೆ. ಮುಂದಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ತೂಕಕ್ಕೆ ತಕ್ಕಂತೆ ಮಾತ್ರೆಗಳ ಸಂಖ್ಯೆ: 35ರಿಂದ 49 ಕಿಲೋ ತೂಕದವರಿಗೆ ದಿನಕ್ಕೆ ಮೂರು, 50ರಿಂದ 64ರವರಿಗೆ ನಾಲ್ಕು. ಸರ್ಕಾರಿ ಕೇಂದ್ರಗಳಲ್ಲಿ ಎಲ್ಲವೂ ಉಚಿತ. ವಾರಕ್ಕೆ ಮೂರು ಸಲ ನುಂಗುವ ಹಳೆಯ ಕ್ರಮ ಹೋಗಿ 2017ರಿಂದ ದಿನಾ ನುಂಗುವ ಕ್ರಮ ದೇಶದಲ್ಲಿ ಜಾರಿಗೆ ಬಂದಿದೆ.

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನಿಂದ, ಹೆದರಬೇಕಿಲ್ಲ. ಕಣ್ಣು ಹಳದಿಯಾಗುವುದು, ವಾಂತಿ ನಿಲ್ಲದಿರುವುದು, ದೃಷ್ಟಿ ಮಸುಕಾಗುವುದು, ಅಂಗಾಲು ಜುಮುಗುಡುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮೊಲೆಯೂಡುವ ತಾಯಿ ಹಾಲು ಬಿಡಿಸಬೇಕಿಲ್ಲ.

ಚಿಕಿತ್ಸೆಯ ಅಪಾಯದ ಘಟ್ಟ ಎರಡನೆಯ ತಿಂಗಳು. ಕೆಮ್ಮು ನಿಂತಿರುತ್ತದೆ, ಹಸಿವು ಮರಳಿರುತ್ತದೆ, ಹೊಲ ಕರೆಯುತ್ತಿರುತ್ತದೆ. ಆಗ ಮಾತ್ರೆ ಬಿಟ್ಟರೆ ಉಳಿದುಕೊಂಡ ಜೀವಾಣುಗಳು ಮತ್ತೆ ಬೆಳೆಯುತ್ತವೆ, ಔಷಧಕ್ಕೆ ಮಣಿಯದಂತೆ ಮಾರ್ಪಡಲೂಬಹುದು. ಐಸೊನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಜಗ್ಗದ ರೋಗವನ್ನು ಬಹುಔಷಧ ನಿರೋಧಕ ಕ್ಷಯವೆನ್ನುತ್ತಾರೆ. ಅದಕ್ಕೆ ಹಿಂದೆ ಎರಡು ವರ್ಷದವರೆಗೆ ಸೂಜಿ, ಮಾತ್ರೆ ಬೇಕಾಗುತ್ತಿತ್ತು, ಕಿವುಡುತನದ ಭಯವೂ ಇತ್ತು. ಬೆಡಾಕ್ವಿಲಿನ್, ಪ್ರೆಟೊಮ್ಯಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್ ಸೇರಿದ ಆರು ತಿಂಗಳ ಮಾತ್ರೆಯ ಕ್ರಮವನ್ನು ಭಾರತ 2024ರಲ್ಲಿ ಒಪ್ಪಿಕೊಂಡಿದೆ.

ರಾಮದುರ್ಗ, ಸವದತ್ತಿಯ ಮಳೆಯಾಶ್ರಿತ ಹಳ್ಳಿಗಳಿಂದ ಗೋವೆ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುವವರಲ್ಲಿ ಚಿಕಿತ್ಸೆ ತಪ್ಪುವುದು ಸೋಮಾರಿತನದಿಂದಲ್ಲ. ದುಡಿಮೆ ಇರುವಲ್ಲಿಗೆ ಹೋಗಲೇಬೇಕು. ನಿಕ್ಷಯ್ ಎಂಬ ರಾಷ್ಟ್ರೀಯ ದಾಖಲೆ ವ್ಯವಸ್ಥೆಯಲ್ಲಿ ಪ್ರತಿ ರೋಗಿಗೂ ಒಂದು ಸಂಖ್ಯೆ ಇರುತ್ತದೆ. ಅದನ್ನು ಇಟ್ಟುಕೊಂಡು ಹೋದರೆ ಮಡಗಾಂವಿನಲ್ಲೋ ಸುರತ್ಕಲ್ಲಿನಲ್ಲೋ ಔಷಧ ಮುಂದುವರಿಸಬಹುದು. ಹೋಗುವ ಮೊದಲು ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿದರೆ ಸಾಕು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಸುತ್ತಲಿನ ಊರುಗಳಿಗೆ ನುಗ್ಗಿದಂಥ ಹೊತ್ತಿನಲ್ಲೂ, ಮನೆಯ ಮಾತ್ರೆ ನೀರುಪಾಲಾದವರಿಗೆ, ಇಕ್ಕಟ್ಟಿನ ಪರಿಹಾರ ಕೇಂದ್ರದಲ್ಲಿ ಮಲಗುವವರಿಗೆ ಇದೇ ಸಂಖ್ಯೆ ದಾರಿ. ಮರುವರ್ಷ ಕೋವಿಡ್ ಬಂದು ದೇಶದಲ್ಲಿ ದಾಖಲಾದ ಕ್ಷಯರೋಗಿಗಳ ಸಂಖ್ಯೆ ಸುಮಾರು 24 ಲಕ್ಷದಿಂದ 18 ಲಕ್ಷಕ್ಕೆ ಕುಸಿಯಿತು. ಕಡಿಮೆಯಾದದ್ದು ಪತ್ತೆ, ರೋಗವಲ್ಲ.

ತಾಟಿನ ಪ್ರಶ್ನೆ

ಕ್ಷಯಕ್ಕೂ ಹಸಿವಿಗೂ ನಂಟಿದೆಯೆಂದು ಹಿರಿಯರು ಹೇಳುತ್ತಿದ್ದರು. ಅದನ್ನು ಲೆಕ್ಕದಲ್ಲಿ ತೋರಿಸಿದ್ದು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು. ಅವರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳನ್ನೂ ಅವರ ಮನೆಗಳ 10,345 ಜನರನ್ನೂ ಅಧ್ಯಯನಕ್ಕೆ ತೆಗೆದುಕೊಂಡರು. ರೋಗಿಗಳೆಲ್ಲರಿಗೂ ತಿಂಗಳ ರೇಷನ್: ಅಕ್ಕಿ, ಹುರಿಗಡಲೆ ಪುಡಿ, ಹಾಲಿನ ಪುಡಿ, ಎಣ್ಣೆ, ಜೊತೆಗೆ ಜೀವಸತ್ವದ ಗುಳಿಗೆ. ಮನೆಯವರಲ್ಲಿ ಒಂದು ಗುಂಪಿಗೆ ಹೆಚ್ಚುವರಿ ಆಹಾರ, ಇನ್ನೊಂದಕ್ಕೆ ಇಲ್ಲ. 2023ರಲ್ಲಿ ಹೊರಬಂದ ಫಲಿತಾಂಶ: ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು 39 ಶೇಕಡ ಕಡಿಮೆಯಾಯಿತು. ರೋಗಿಗಳಲ್ಲಿ ಮೊದಲೆರಡು ತಿಂಗಳಲ್ಲಿ ಐದು ಶೇಕಡ ತೂಕ ಹೆಚ್ಚಿಸಿಕೊಂಡವರಿಗೆ ಸಾವಿನ ಅಪಾಯ 61 ಶೇಕಡ ಕಡಿಮೆ ಇತ್ತು.

ಈ ಪಾಠಕ್ಕೆ ದೂರದ ಪದಾರ್ಥ ಬೇಕಿಲ್ಲ. ಜೋಳದ ರೊಟ್ಟಿ, ಹೆಸರುಕಾಳು, ಕಡಲೆ, ಶೇಂಗಾ, ಮಡಿಕೆಕಾಳಿನ ಪಲ್ಯೆ, ಮೊಸರು, ತತ್ತಿ ಈ ಸೀಮೆಯ ಅಡುಗೆಮನೆಯ ಪದಾರ್ಥಗಳೇ. ಅವು ರೋಗಿಯ ತಾಟಿಗೆ ದಿನಾ ಬರುತ್ತವೆಯೇ, ಎಲ್ಲರೂ ಉಂಡಾದ ಮೇಲೆ ಕೂರುವ ಸೊಸೆಯ ತಾಟಿಗೆ ಬರುತ್ತವೆಯೇ ಎಂಬುದು ಕೇಳಬೇಕಾದ ಮಾತು. 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯ ಅವಧಿಗೆ ತಿಂಗಳಿಗೆ 500 ರೂಪಾಯಿ ರೋಗಿಯ ಬ್ಯಾಂಕ್ ಖಾತೆಗೆ ಬರುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000. 2022ರಿಂದ ‘ನಿಕ್ಷಯ ಮಿತ್ರ’ರಾಗಿ ವ್ಯಕ್ತಿಗಳು, ಸಂಘ–ಸಂಸ್ಥೆಗಳು ರೋಗಿಗಳಿಗೆ ಆಹಾರದ ಕಿಟ್ ಕೊಡಬಹುದು. ಮಠದ ದಾಸೋಹ, ಸಹಕಾರಿ ಸಂಘ, ಸಕ್ಕರೆ ಕಾರ್ಖಾನೆಗಳಿರುವ ಈ ನಾಡಿಗೆ ಇದು ಹೊರೆಯಲ್ಲ. ಕಿಟ್ ಹಂಚುವಾಗ ರೋಗಿಗಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವುದನ್ನು ಮಾತ್ರ ಬಿಡಬೇಕು. ಆ ಚಿತ್ರ ಒಂದು ಮದುವೆಯನ್ನೇ ತಪ್ಪಿಸೀತು.

ಸವದತ್ತಿ ಮತ್ತು ಎಚ್‌ಐವಿ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಲಕ್ಷಗಟ್ಟಲೆ ಜನ ಸೇರುವ ಯಲ್ಲಮ್ಮನ ಗುಡ್ಡದ ಸುತ್ತ ದೇವದಾಸಿ ಪದ್ಧತಿಯ ನೋವಿನ ಚರಿತ್ರೆಯಿದೆ. 1982ರ ಕಾನೂನು ಅದನ್ನು ನಿಷೇಧಿಸಿತು. ಆದರೆ ಆ ಹೊತ್ತಿಗೆ ಎಷ್ಟೋ ಹೆಣ್ಣುಮಕ್ಕಳು ಬಡತನ, ವಲಸೆಗಳಿಗೆ ಸಿಕ್ಕಿದ್ದರು. ಎಚ್‌ಐವಿ ಬಂದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ರಾಜ್ಯದಲ್ಲೇ ಹೆಚ್ಚು ಹೊಡೆತ ತಿಂದವು. ಎಚ್‌ಐವಿ ಇರುವವರ ಸಾವಿಗೆ ಕ್ಷಯ ಅತಿ ದೊಡ್ಡ ಕಾರಣ. ಆದ್ದರಿಂದ ಕ್ಷಯ ಪತ್ತೆಯಾದವರಿಗೆಲ್ಲ ಎಚ್‌ಐವಿ ಪರೀಕ್ಷೆ, ಎಚ್‌ಐವಿ ಇರುವವರಿಗೆಲ್ಲ ಪ್ರತಿ ಭೇಟಿಯಲ್ಲೂ ಕ್ಷಯದ ತಪಾಸಣೆ ಎಂಬ ನಿಯಮವಿದೆ. ಎರಡೂ ಇದ್ದರೆ ಎರಡಕ್ಕೂ ಔಷಧ ತೆಗೆದುಕೊಂಡು ಬಹುಕಾಲ ಬದುಕಬಹುದು. ಮಾಜಿ ದೇವದಾಸಿಯರೇ ಕಟ್ಟಿಕೊಂಡ ಬೆಳಗಾವಿ ಜಿಲ್ಲೆಯ ಮಾಸ್ ಸಂಸ್ಥೆಯಂಥ ಸಂಘಟನೆಗಳ ಮಾತಿಗೆ ಇಲ್ಲಿ ಆಸ್ಪತ್ರೆಯ ಫಲಕಕ್ಕಿಲ್ಲದ ಬೆಲೆಯಿದೆ.

ತಡೆ

ಅತಿ ಒಳ್ಳೆಯ ತಡೆ ಎಂದರೆ ಬೇಗ ಪತ್ತೆ ಮಾಡಿ ಚಿಕಿತ್ಸೆ ಕೊಡುವುದು. ತಕ್ಕ ಔಷಧ ಶುರುವಾದ ಕೆಲವು ವಾರಗಳಲ್ಲಿ ರೋಗ ಹರಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ಹುಟ್ಟಿದ ಕೂಡಲೇ ಹಾಕುವ ಬಿಸಿಜಿ ಲಸಿಕೆ ಮಕ್ಕಳನ್ನು ಮೆದುಳುಪೊರೆಯ ಕ್ಷಯದಂಥ ಮಾರಕ ಬಗೆಗಳಿಂದ ಕಾಯುತ್ತದೆ. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅದು ತಡೆಯಲಾರದೆಂದು 1968ರಲ್ಲಿ ಆರಂಭವಾದ ಚೆಂಗಲ್ಪಟ್ಟು ಪ್ರಯೋಗ ತೋರಿಸಿತು.

ರೋಗಿಯ ಮನೆಯವರೆಲ್ಲರೂ ತಪಾಸಣೆಗೆ ಒಳಗಾಗಬೇಕು. ರೋಗವಿಲ್ಲವೆಂದು ಖಚಿತವಾದವರಿಗೆ ಮುನ್ನೆಚ್ಚರಿಕೆಯ ಔಷಧ ಉಂಟು: ಆರು ತಿಂಗಳು ದಿನಾ ಐಸೊನಿಯಾಜಿಡ್, ಇಲ್ಲವೇ ರಿಫಾಪೆಂಟಿನ್ ಸೇರಿದ ಮಾತ್ರೆ ವಾರಕ್ಕೊಮ್ಮೆಯಂತೆ ಮೂರು ತಿಂಗಳು. ‘ರೋಗವೇ ಇಲ್ಲ, ಗುಳಿಗಿ ಯಾಕ’ ಎಂದು ಹೆಚ್ಚಿನವರು ಒಲ್ಲೆನ್ನುತ್ತಾರೆ. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹಾಗೆನ್ನಬಾರದು. ಕೆಮ್ಮುವಾಗ ಟವೆಲ್ಲೋ ಸೆರಗೋ ಬಾಯಿಗೆ ಅಡ್ಡ ಹಿಡಿಯುವುದು, ಕಿಟಕಿ ತೆರೆದಿಡುವುದು, ಹಾಲು ಕಾಯಿಸಿ ಕುಡಿಯುವುದು, ಬೀಡಿ ಬಿಡುವುದು ಇವೂ ಬೇಕು.

2023ರಿಂದ ಗ್ರಾಮ ಪಂಚಾಯಿತಿಗಳನ್ನು ಕ್ಷಯಮುಕ್ತವೆಂದು ಪ್ರಮಾಣೀಕರಿಸುವ ಕ್ರಮ ನಡೆದಿದೆ. ಮೊದಲ ವರ್ಷ ಕಂಚಿನ ಬಣ್ಣದ ಗಾಂಧಿ ಪ್ರತಿಮೆ, ಸತತ ಎರಡನೆಯ ವರ್ಷಕ್ಕೆ ಬೆಳ್ಳಿ ಬಣ್ಣದ್ದು, ಮೂರನೆಯದಕ್ಕೆ ಚಿನ್ನದ ಬಣ್ಣದ್ದು. ಸಾವಿರ ಜನರಿಗೆ ಒಂದಕ್ಕಿಂತ ಹೆಚ್ಚು ರೋಗಿಗಳಿರಬಾರದು. ಆದರೆ ಸಾವಿರಕ್ಕೆ ಕನಿಷ್ಠ ಮೂವತ್ತು ಶಂಕಿತರ ಪರೀಕ್ಷೆಯೂ ಆಗಿರಬೇಕು. ಈ ಎರಡನೆಯ ನಿಯಮವೇ ಯೋಜನೆಯ ಜೀವ. ಪರೀಕ್ಷೆ ಮಾಡದೆ ರೋಗವಿಲ್ಲವೆನ್ನುವ ಪಂಚಾಯಿತಿಗಿಂತ ಹತ್ತು ರೋಗಿಗಳನ್ನು ಹುಡುಕಿ ಹತ್ತನ್ನೂ ಗುಣಪಡಿಸಿದ ಪಂಚಾಯಿತಿ ದೊಡ್ಡದು. ಭಾರತ 2025ಕ್ಕೆ ಕ್ಷಯ ನಿರ್ಮೂಲನೆಯ ಗುರಿ ಇಟ್ಟುಕೊಂಡಿತ್ತು. 2015ರಲ್ಲಿ ಲಕ್ಷ ಜನರಿಗೆ ವರ್ಷಕ್ಕೆ 237 ಇದ್ದ ಹೊಸ ರೋಗಿಗಳ ಅಂದಾಜು 2023ಕ್ಕೆ 195ಕ್ಕೆ ಇಳಿಯಿತು. ಇಳಿಕೆ ನಿಜ, ಗುರಿ ದೂರವಿದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸರ್ಕಾರಿ ಆಸ್ಪತ್ರೆಗಳಲ್ಲೂ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೂ ಕಫ ಪರೀಕ್ಷೆ, ಔಷಧ ಎರಡಕ್ಕೂ ದುಡ್ಡಿಲ್ಲ. ಮನೆಯಲ್ಲಿ ಯಾರಿಗಾದರೂ ಎರಡು ವಾರದಿಂದ ಕೆಮ್ಮಿದ್ದರೆ ಮೂರನೆಯ ವಾರಕ್ಕೆ ಕಾಯದೆ ಕಫ ಕೊಡಿಸಿ. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಅಥವಾ ಉಚಿತ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಿ.